ಈಲಿಂಗಿನ ಹಿತ್ತಲಲ್ಲೊಂದು ನೀಹಾರಿಕೆ

ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ಪಶ್ಚಿಮದ ಕಡೆಗೆ ಹೊರಟ ರೈಲು ಕಾಲು ಗಂಟೆಯೊಳಗಾಗಿ ಈಲಿಂಗ್ ಎಂಬ ಉಪನಗರವನ್ನು ಮುಟ್ಟುತ್ತದೆ. ನಗರದ ನಡುವಣ ಚೇರಿಂಗ್ ಕ್ರಾಸಿನಿಂದ ಇಲ್ಲಿಗೆ ಸುಮಾರು 12 ಕಿಲೋಮೀಟರುಗಳ ದೂರ. 1838ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ನಿಲ್ದಾಣ ಕಟ್ಟಿದಾಗ ಸುತ್ತಲೂ ಹೊಲಗಳು, ಹಣ್ಣಿನ ತೋಟಗಳು ಇದ್ದವು. 1879ರಲ್ಲಿ ಡಿಸ್ಟ್ರಿಕ್ಟ್ ರೈಲ್ವೆಯೂ ಇಲ್ಲಿಗೆ ಬಂದಿತು. ಬೆಳಿಗ್ಗೆ ಲಂಡನ್ನಿನ ಕಚೇರಿಗೆ ಹೋಗಿ ಸಂಜೆ ಹಸುರಿನ ನಡುವಣ ಮನೆಗೆ ಮರಳುವ ಮಧ್ಯಮ ವರ್ಗದ ಸಂಸಾರಗಳು ಒಂದೊಂದಾಗಿ ಇಲ್ಲಿ ನೆಲೆಸಿದವು. ಊರಿಗೆ 'ಉಪನಗರಗಳ ರಾಣಿ' ಎಂಬ ಬಿರುದೂ ಅಂಟಿಕೊಂಡಿತು.

ಇಂದಿಗೂ ಈಲಿಂಗಿಗೆ ಬಂದ ಪ್ರವಾಸಿ ಮೊದಲು ಕಾಣುವುದು ನಿಲ್ದಾಣದ ಪಕ್ಕದಲ್ಲೇ ಹರಡಿಕೊಂಡಿರುವ ಹೇವನ್ ಗ್ರೀನ್ ಎಂಬ ಹುಲ್ಲುಬಯಲನ್ನು. ಸ್ವಲ್ಪ ದೂರ ನಡೆದರೆ ವಾಲ್‌ಪೋಲ್ ಉದ್ಯಾನ. ಅದರ ಅಂಚಿನಲ್ಲಿ, ಹೆಸರಾಂತ ವಾಸ್ತುಶಿಲ್ಪಿ ಜಾನ್ ಸೋನ್ ತನಗಾಗಿ ಕಟ್ಟಿಸಿಕೊಂಡ ಪಿಟ್ಸ್‌ಹ್ಯಾಂಗರ್ ಭವನ. 1902ರಿಂದ ಚಲನಚಿತ್ರಗಳು ತಯಾರಾಗುತ್ತ ಬಂದ ಸ್ಟುಡಿಯೋ ಕೂಡ ಅಲ್ಲೇ ಹತ್ತಿರದಲ್ಲಿದೆ. ಮಾರ್ಗದರ್ಶಿ ಪುಸ್ತಕ ಹಿಡಿದು ಬಂದವರು ಇಷ್ಟನ್ನು ನೋಡಿ ತೃಪ್ತರಾಗಿ ಹಿಂದಿರುಗುತ್ತಾರೆ.

ಹೇವನ್ ಗ್ರೀನಿನಿಂದ ಉತ್ತರಕ್ಕೆ ಈಟನ್ ರೈಸ್ ಎಂಬ ಬೀದಿಯೊಂದು ಸಾಗುತ್ತದೆ. ಅಲ್ಲಿ ಅರಮನೆಯಿಲ್ಲ, ದೇವಾಲಯವಿಲ್ಲ. ಇರುವುದು ಸಾಲುಮನೆಗಳು, ಅವುಗಳ ಹಿಂದೆ ಹಿತ್ತಲುಗಳು. ಗುಲಾಬಿ ಬೆಳೆಯುವುದಕ್ಕೆ, ಬಟ್ಟೆ ಒಣಹಾಕುವುದಕ್ಕೆ, ಮಕ್ಕಳು ಆಡುವುದಕ್ಕೆ ಇರುವಂಥ ಹಿತ್ತಲುಗಳು. ಅಂಥ ಒಂದು ಹಿತ್ತಲಲ್ಲಿ 1883ರ ಚಳಿಗಾಲದ ಒಂದು ರಾತ್ರಿ, ಮನುಷ್ಯನ ಕಣ್ಣು ಅದುವರೆಗೆ ಯಾವ ದೂರದರ್ಶಕದಿಂದಲೂ ಕಾಣದಿದ್ದುದನ್ನು ಒಂದು ಗಾಜಿನ ಫಲಕ ಕಂಡಿತು. ಈ ಊರಿನ ನಿಜವಾದ ಪ್ರೇಕ್ಷಣೀಯ ಸ್ಥಳ ಅದೇ.

ಬೇಟೆಗಾರನ ಖಡ್ಗದಲ್ಲಿ

ಹಿತ್ತಲಿನ ಯಜಮಾನನ ಹೆಸರು ಆಂಡ್ರೂ ಐನ್‌ಸ್ಲಿ ಕಾಮನ್. ಹುಟ್ಟಿದ್ದು 1841ರಲ್ಲಿ, ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ. ತಂದೆ ಶಸ್ತ್ರವೈದ್ಯ, ಮಗ ಇನ್ನೂ ಎಳೆಯನಾಗಿದ್ದಾಗಲೇ ತೀರಿಕೊಂಡ. ನಕ್ಷತ್ರಗಳ ಹುಚ್ಚು ಹತ್ತಿದ ಮಗನಿಗಾಗಿ ತಾಯಿ ಪರಿಚಿತ ವೈದ್ಯರೊಬ್ಬರಿಂದ ದೂರದರ್ಶಕವೊಂದನ್ನು ಎರವಲು ತಂದುಕೊಟ್ಟಳು. ಆದರೆ ಹೊಟ್ಟೆಪಾಡು ಆಕಾಶದಲ್ಲಿರಲಿಲ್ಲ. ಬೆಳೆದು ದೊಡ್ಡವನಾದ ಕಾಮನ್ ನೈರ್ಮಲ್ಯ ಇಂಜಿನಿಯರಿಂಗಿನ ಸಂಸ್ಥೆಯೊಂದನ್ನು ಸೇರಿದ. ಮನೆಗಳಿಗೆ ನೀರಿನ ಕೊಳವೆ ಹಾಕುವುದು, ಕೊಳೆನೀರು ಹರಿದುಹೋಗುವ ವ್ಯವಸ್ಥೆ ಮಾಡುವುದು ಅದರ ಕೆಲಸ. ಹಗಲು ಆ ವ್ಯವಹಾರ, ರಾತ್ರಿ ನಕ್ಷತ್ರ. ವಿಶ್ವವಿದ್ಯಾನಿಲಯದ ಪೀಠವಾಗಲಿ ಸರ್ಕಾರದ ವೀಕ್ಷಣಾಲಯವಾಗಲಿ ಆತನ ಬೆನ್ನಿಗಿರಲಿಲ್ಲ.

ಆತ ಕಣ್ಣಿಟ್ಟದ್ದು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಮೇಲೆ. ಚಳಿಗಾಲದ ಸಂಜೆಗಳಲ್ಲಿ ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರಗಳನ್ನು ಯಾರಾದರೂ ಗುರುತಿಸಬಲ್ಲರು. ಪಾಶ್ಚಾತ್ಯರು ಅವನ್ನು ಒರಾಯನ್ ಎಂಬ ಬೇಟೆಗಾರನ ನಡುಕಟ್ಟು ಎನ್ನುತ್ತಾರೆ. ನಡುಕಟ್ಟಿನಿಂದ ತೂಗುಬಿದ್ದ ಖಡ್ಗದ ನಡುವೆ ಮಂಜು ಕವಿದ ಚುಕ್ಕೆಯಂತೆ ಬರಿಗಣ್ಣಿಗೂ ಕಾಣುವುದೇ ಈ ನೀಹಾರಿಕೆ. ಸುಮಾರು 1,340 ಜ್ಯೋತಿರ್ವರ್ಷಗಳ ದೂರದಲ್ಲಿ ಅನಿಲ ಮತ್ತು ಧೂಳಿನ ಒಂದು ಮಹಾಮೇಘ. ಅದರ ಒಡಲಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಈ ದೂರದ ಅರ್ಥವನ್ನು ಕನ್ನಡಿಗರು ತಮ್ಮ ಚರಿತ್ರೆಯಿಂದಲೇ ಅಳೆದುಕೊಳ್ಳಬಹುದು. 1883ರಲ್ಲಿ ಈಲಿಂಗಿನ ಹಿತ್ತಲಿಗೆ ಬಂದಿಳಿದ ಬೆಳಕು ನೀಹಾರಿಕೆಯನ್ನು ಬಿಟ್ಟು ಹೊರಟಾಗ, ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸುತ್ತಿದ್ದ ಕಾಲ, ಹೆಚ್ಚುಕಡಿಮೆ.

ಕೈ ಬರೆದ ಚಿತ್ರಗಳು

ನೀಹಾರಿಕೆಯನ್ನು ಕಣ್ಣಾರೆ ನೋಡುವುದು ಬೇರೆ, ನೋಡಿದ್ದನ್ನು ಉಳಿಸಿಕೊಳ್ಳುವುದು ಬೇರೆ. ಕಾಮನ್ನನ ಕಾಲದವರೆಗೆ ಅದಕ್ಕೆ ಇದ್ದ ಸಾಧನ ಪೆನ್ಸಿಲು ಮತ್ತು ಕಾಗದ. ಕತ್ತಲಲ್ಲಿ ದೂರದರ್ಶಕದ ಬಾಯಿಗೆ ಕಣ್ಣಿಟ್ಟು, ಮರುಕ್ಷಣ ಮಂದದೀಪದ ಬೆಳಕಿಗೆ ತಿರುಗಿ, ಕಂಡದ್ದನ್ನು ನೆನಪಿನಿಂದ ಬರೆಯಬೇಕು. ದೀಪ ನೋಡಿದ ಕಣ್ಣು ಮತ್ತೆ ಕತ್ತಲಿಗೆ ಒಗ್ಗಿಕೊಳ್ಳುವವರೆಗೆ ಕಾಯಬೇಕು. ಒಂದು ಚಿತ್ರ ಮುಗಿಯುವುದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು.

ಜಾನ್ ಹರ್ಷೆಲ್ 1834ರಿಂದ 1838ರವರೆಗೆ ದಕ್ಷಿಣ ಆಫ್ರಿಕದ ಕೇಪಿನಲ್ಲಿದ್ದಾಗ ಇದನ್ನು ಬಿಡಿಸಿದ. ಐರ್ಲೆಂಡಿನ ಬರ್ ಕೋಟೆಯಲ್ಲಿ ಲಾರ್ಡ್ ರಾಸ್ ಕಟ್ಟಿಸಿದ 72 ಅಂಗುಲದ ಭಾರಿ ದೂರದರ್ಶಕದಿಂದಲೂ ಇದರ ಚಿತ್ರವಾಯಿತು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಜಾರ್ಜ್ ಬಾಂಡ್ ತನ್ನ ಕೊನೆಯ ವರ್ಷಗಳನ್ನು ಈ ಒಂದು ನೀಹಾರಿಕೆಗೇ ಧಾರೆಯೆರೆದು, ಕೆಲಸ ಮುಗಿಯುವ ಮೊದಲೇ 1865ರಲ್ಲಿ ಕ್ಷಯರೋಗಕ್ಕೆ ತುತ್ತಾದ. ಆತನಿಗೆ ಆಗ 39 ವರ್ಷ. ಗ್ರಂಥ ಹೊರಬಂದದ್ದು ಎರಡು ವರ್ಷಗಳ ಅನಂತರ.

ಇಷ್ಟೆಲ್ಲ ತಪಸ್ಸಿನ ಫಲವಾದ ಈ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದರಂತೆ ಇನ್ನೊಂದಿರಲಿಲ್ಲ. ಒಬ್ಬನ ಚಿತ್ರದಲ್ಲಿದ್ದ ಬಳ್ಳಿ ಇನ್ನೊಬ್ಬನದರಲ್ಲಿ ಮೋಡವಾಗಿತ್ತು. ಹಾಗಾದರೆ ಬದಲಾದದ್ದು ನೀಹಾರಿಕೆಯೋ ಅಥವಾ ಚಿತ್ರಕಾರನ ಕೈಯೋ? ಇದು ರಸಿಕರ ಚರ್ಚೆಯಾಗಿರಲಿಲ್ಲ. ಆಕಾಶದ ಮೇಘಗಳು ಕಾಲಕ್ರಮದಲ್ಲಿ ರೂಪಾಂತರ ಹೊಂದುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಾಕ್ಷಿಯೇ ನಂಬಿಕೆಗೆ ಯೋಗ್ಯವಾಗಿರಲಿಲ್ಲ. ಒಬ್ಬ ಮನುಷ್ಯನ ಇಡೀ ಜೀವಿತದ ದುಡಿಮೆ 'ಅವನಿಗೆ ಹಾಗೆ ಕಂಡಿರಬಹುದು' ಎಂಬ ಒಂದು ಮಾತಿನಿಂದ ಹಾರಿಹೋಗುವಂತಿತ್ತು.

ಕೂಡಿಡುವ ಗಾಜು

ಕಣ್ಣಿಗೆ ಇನ್ನೊಂದು ಕೊರತೆಯೂ ಉಂಟು. ಅದು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಒಂದು ಸಣ್ಣ ಅಂಶದಲ್ಲಿ ಬಂದ ಬೆಳಕನ್ನು ಮಿದುಳಿಗೆ ಒಪ್ಪಿಸಿ, ಮತ್ತೆ ಹೊಸದಾಗಿ ಮೊದಲುಮಾಡುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮತ್ತೂ ಒಂದು ಗಂಟೆ ನೋಡಿದರೂ ಮಸುಕಾದ ನಕ್ಷತ್ರ ಅಷ್ಟೇ ಮಸುಕು. ಛಾಯಾಚಿತ್ರದ ಫಲಕ ಹಾಗಲ್ಲ. ದಿನಕ್ಕೊಂದು ಕಾಸಿನಂತೆ ಹುಂಡಿಗೆ ಹಾಕುವ ಗೃಹಿಣಿಯಂತೆ ಬಂದ ಬೆಳಕನ್ನೆಲ್ಲ ಸೇರಿಸಿಟ್ಟುಕೊಳ್ಳುತ್ತದೆ.

ಆದರೆ ಹಳೆಯ ಕಾಲದ ಫಲಕಗಳು ಒದ್ದೆಯಾಗಿರುವಾಗಲೇ ಕೆಲಸ ಮಾಡುತ್ತಿದ್ದವು. ಕೆಲವು ನಿಮಿಷಗಳಲ್ಲಿ ಒಣಗಿ ನಿರುಪಯುಕ್ತವಾಗುತ್ತಿದ್ದವು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜಿಲೆಟಿನ್ ಲೇಪದ ಒಣ ಫಲಕವನ್ನು ಸೂಚಿಸಿದ. 1878ರಲ್ಲಿ ಚಾರ್ಲ್ಸ್ ಬೆನೆಟ್ ಅದರ ಸಂವೇದನೆಯನ್ನು ಬಹಳವಾಗಿ ಹೆಚ್ಚಿಸಿದ. ಈಗ ಫಲಕವನ್ನು ದೂರದರ್ಶಕದಲ್ಲಿಟ್ಟು ಗಂಟೆಗಟ್ಟಲೆ ಕಾಯುವುದು ಸಾಧ್ಯವಾಯಿತು.

ಮೊದಲು ಗುರಿ ಮುಟ್ಟಿದಾತ ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕಿನ ಹತ್ತಿರ ಹಡ್ಸನ್ ನದಿಯ ದಡದ ತನ್ನ ಸ್ವಂತ ವೀಕ್ಷಣಾಲಯದಿಂದ, 11 ಅಂಗುಲದ ಮಸೂರದ ದೂರದರ್ಶಕದಲ್ಲಿ ಫಲಕವನ್ನು 51 ನಿಮಿಷ ತೆರೆದಿಟ್ಟು, ಮಹಾವ್ಯಾಧ ನೀಹಾರಿಕೆಯ ಮೊಟ್ಟಮೊದಲ ಛಾಯಾಚಿತ್ರ ತೆಗೆದ. 1882ರ ಮಾರ್ಚಿನಲ್ಲಿ ಆ ಅವಧಿಯನ್ನು 137 ನಿಮಿಷಗಳಿಗೆ ಏರಿಸಿದ. ಮುಂದೆ ಆತ ಇನ್ನೆಷ್ಟು ಸಾಧಿಸುತ್ತಿದ್ದನೋ. ಅದೇ ವರ್ಷ ನವೆಂಬರ್ 20ರಂದು, 45ನೆಯ ವಯಸ್ಸಿನಲ್ಲಿ, ಕಾಯಿಲೆ ಆತನನ್ನು ಕೊಂಡೊಯ್ದಿತು. ಆತನ ಕೈಯಿಂದ ಜಾರಿದ ಕೆಲಸವನ್ನು ಎತ್ತಿಕೊಳ್ಳುವ ಸಿದ್ಧತೆ ಆ ಹೊತ್ತಿಗಾಗಲೇ ಅಟ್ಲಾಂಟಿಕ್ಕಿನ ಈಚೆಯ ಒಂದು ಹಿತ್ತಲಲ್ಲಿ ನಡೆದಿತ್ತು.

ಪಾದರಸದ ಮೇಲೆ ತೇಲಿದ ಯಂತ್ರ

ಕಾಮನ್ ನಂಬಿದ್ದು ಮಸೂರವನ್ನಲ್ಲ, ಕನ್ನಡಿಯನ್ನು. ಬೆಳ್ಳಿಯ ತೆಳುಲೇಪವುಳ್ಳ ಗಾಜಿನ ಕನ್ನಡಿ ಎಲ್ಲ ಬಣ್ಣಗಳ ಬೆಳಕನ್ನೂ ಒಂದೇ ಬಿಂದುವಿಗೆ ತರುತ್ತದೆ. ಅಷ್ಟೇ ಗಾತ್ರದ ಮಸೂರಕ್ಕಿಂತ ಬಲು ಅಗ್ಗ. ಜಾರ್ಜ್ ಕ್ಯಾಲ್ವರ್ ಎಂಬ ನುರಿತ ಕುಶಲಕರ್ಮಿಯಿಂದ ಆತ 36 ಅಂಗುಲ ವ್ಯಾಸದ ಕನ್ನಡಿಯನ್ನು ಮಾಡಿಸಿದ. ಅದರ ನಾಭಿದೂರ ಹದಿನೇಳೂವರೆ ಅಡಿ. ಅದನ್ನು ಹೊತ್ತು ತಿರುಗಿಸುವ ಯಂತ್ರವನ್ನು ತಾನೇ ಯೋಜಿಸಿ 1879ರಲ್ಲಿ ಹಿತ್ತಲಲ್ಲಿ ನಿಲ್ಲಿಸಿದ.

ಯಂತ್ರವೇ ಇಲ್ಲಿ ಮುಖ್ಯ. ಭೂಮಿ ತಿರುಗುತ್ತಿರುವುದರಿಂದ ಆಕಾಶ ಒಂದು ಗಂಟೆಗೆ 15 ಡಿಗ್ರಿಗಳಂತೆ ಸರಿಯುತ್ತದೆ. ಕಾಮನ್ನನ ದೂರದರ್ಶಕವನ್ನು ಅಲುಗದಂತೆ ನಿಲ್ಲಿಸಿದರೆ ಮಹಾವ್ಯಾಧನ ನಕ್ಷತ್ರದ ಬಿಂಬ ಫಲಕದ ಮೇಲೆ ಒಂದು ಸೆಕೆಂಡಿಗೆ ಸುಮಾರು 0.4 ಮಿಲಿಮೀಟರಿನಷ್ಟು ಓಡಿಬಿಡುತ್ತದೆ. ಅರ್ಧ ಗಂಟೆ ಫಲಕವನ್ನು ತೆರೆದಿಡುವವನು ಅಷ್ಟು ಹೊತ್ತೂ ಭಾರವಾದ ಕನ್ನಡಿ, ಚೌಕಟ್ಟು ಎಲ್ಲವನ್ನೂ ಆಕಾಶದ ಜೊತೆಜೊತೆಗೆ, ಕೂದಲೆಳೆಯಷ್ಟೂ ತಪ್ಪದಂತೆ ತಿರುಗಿಸಬೇಕು.

ಕೊಳವೆ ಮತ್ತು ನೀರಿನ ವ್ಯವಹಾರದಲ್ಲಿ ಪಳಗಿದ್ದ ಇಂಜಿನಿಯರಿಗೆ ಇದಕ್ಕೊಂದು ಉಪಾಯ ಹೊಳೆಯಿತು. ದೂರದರ್ಶಕ ತಿರುಗುವ ಅಚ್ಚನ್ನು ಆತ ಪಾದರಸದಲ್ಲಿ ತೇಲಿಸಿದ. ಭಾರವನ್ನು ದ್ರವ ಹೊತ್ತಿದ್ದರಿಂದ ಘರ್ಷಣೆ ಇಳಿದು, ಗಡಿಯಾರದಂಥ ಯಂತ್ರವೊಂದೇ ಅದನ್ನು ಮೆಲ್ಲನೆ ತಿರುಗಿಸಲು ಸಾಧ್ಯವಾಯಿತು. ಆದರೂ ಮೊದಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಗಡಿಯಾರದ ಓಟ ಸಮವಾಗಿರದೆ, ಬಿಂದುಗಳಾಗಬೇಕಾದ ನಕ್ಷತ್ರಗಳು ಗೆರೆಗಳಾದವು. ಕಾಮನ್ ಯಂತ್ರವನ್ನು ಬಿಚ್ಚಿದ, ತಿದ್ದಿದ, ಮತ್ತೆ ಜೋಡಿಸಿದ. ಲಂಡನ್ನಿನ ಮಂಜು, ಕಲ್ಲಿದ್ದಲಿನ ಹೊಗೆ, ಮೋಡ ಇವೆಲ್ಲ ಬಿಟ್ಟುಕೊಟ್ಟ ರಾತ್ರಿಗಳು ಮೊದಲೇ ಕಡಮೆ. ಅಂಥ ಒಂದು ರಾತ್ರಿ ಕೆಟ್ಟರೆ ವಾರಗಟ್ಟಲೆ ಕಾಯಬೇಕಾಗಿತ್ತು. ವಸಂತ ಬಂದರೆ ಮಹಾವ್ಯಾಧನೇ ಮುಳುಗಿ ಮುಂದಿನ ಚಳಿಗಾಲವನ್ನು ಎದುರುನೋಡಬೇಕಾಗಿತ್ತು.

ಮೂವತ್ತೇಳು ನಿಮಿಷ

1883ರ ಜನವರಿ 30. ಈಲಿಂಗಿನಲ್ಲಿ ಜನವರಿಯ ಕೊನೆಗೆ ಮಹಾವ್ಯಾಧ ರಾತ್ರಿ ಒಂಬತ್ತರ ವೇಳೆಗೆ ನೇರ ದಕ್ಷಿಣಕ್ಕೆ ಬರುತ್ತಾನೆ. ಅಲ್ಲಿ ನೀಹಾರಿಕೆ ದಿಗಂತದಿಂದ 33 ಡಿಗ್ರಿಗಳಿಗಿಂತ ಮೇಲೇರುವುದಿಲ್ಲ. ಊರಿನ ಹೊಗೆಯ ಪದರಗಳ ಮೂಲಕವೇ ಅದರ ಬೆಳಕು ಹಾದುಬರಬೇಕು. ಕಾಮನ್ ಫಲಕವನ್ನು ಅಳವಡಿಸಿ ಮುಚ್ಚಳ ತೆಗೆದ. 37 ನಿಮಿಷಗಳ ಅನಂತರ ಮುಚ್ಚಿದ.

ಕತ್ತಲೆಕೋಣೆಯ ರಸಾಯನದಲ್ಲಿ ಮೆಲ್ಲನೆ ಮೂಡಿದ ಚಿತ್ರ ಹಿಂದಿನ ಯಾವ ಚಿತ್ರದಂತೆಯೂ ಇರಲಿಲ್ಲ. ನಡುವೆ ಹೊಳೆಯುವ ತಿರುಳು, ಅದರಿಂದ ಹೊರಟ ರೆಕ್ಕೆಗಳಂಥ ಎರಡು ಹರಹುಗಳು, ಅವುಗಳ ನಡುವೆ ನುಗ್ಗಿಬಂದ ಕಪ್ಪು ಕೊಲ್ಲಿ, ಅಂಚಿನಲ್ಲಿ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಅನಿಲದ ನೂಲುಗಳು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫಲಕದ ಮೇಲಿದ್ದವು. ಅದುವರೆಗೆ ಛಾಯಾಚಿತ್ರ ಕಣ್ಣಿನ ಗುಮಾಸ್ತನಾಗಿತ್ತು. ಕಣ್ಣು ಕಂಡದ್ದನ್ನು ಬರೆದುಕೊಳ್ಳುವುದಷ್ಟೇ ಅದರ ಕೆಲಸ. ಆ ರಾತ್ರಿ ಅದು ಕಣ್ಣನ್ನು ಹಿಂದೆ ಹಾಕಿತು.

ಆ ಚಳಿಗಾಲದಲ್ಲಿ ಆತ 60 ನಿಮಿಷಗಳವರೆಗಿನ ಬೇರೆಬೇರೆ ಅವಧಿಯ ಫಲಕಗಳನ್ನು ತೆಗೆದ. ಅದಕ್ಕೆ ಕಾರಣವೂ ಇತ್ತು. ಈ ನೀಹಾರಿಕೆಯ ತಿರುಳು ಬಹಳ ಪ್ರಕಾಶಮಾನ, ಹೊರಗಿನ ಎಳೆಗಳು ಬಹಳ ಮಸುಕು. ಎಳೆಗಳಿಗಾಗಿ ಕಾದರೆ ತಿರುಳು ಸುಟ್ಟಂತೆ ಬೆಳ್ಳಗಾಗುತ್ತದೆ. ತಿರುಳಿನ ಸೂಕ್ಷ್ಮ ಬೇಕೆಂದರೆ ಎಳೆಗಳು ಮೂಡುವುದೇ ಇಲ್ಲ. ಒಂದೇ ಫಲಕ ಎರಡನ್ನೂ ಕೊಡಲಾರದು.

ಬೇರೆ ರಾತ್ರಿಯ, ಬೇರೆ ಊರಿನ ಛಾಯಾಚಿತ್ರದೊಡನೆ ಈಗ ಯಾರಾದರೂ ಇದನ್ನು ಹೋಲಿಸಿ ನೋಡಬಹುದಾಗಿತ್ತು. 'ಅವನಿಗೆ ಹಾಗೆ ಕಂಡಿರಬಹುದು' ಎಂಬ ಮಾತಿನ ಬಲ ಉಡುಗಿತು. ಇಂಗ್ಲೆಂಡಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ 1884ರಲ್ಲಿ ತನ್ನ ಚಿನ್ನದ ಪದಕವನ್ನು ಈ ಇಂಜಿನಿಯರಿಗೆ ಕೊಟ್ಟು ಗೌರವಿಸಿತು. ಮುಂದೆ 1895ರಿಂದ ಎರಡು ವರ್ಷ ಆತ ಅದೇ ಸಂಸ್ಥೆಯ ಅಧ್ಯಕ್ಷನೂ ಆದ.

ಊರು ಬಿಟ್ಟ ಕನ್ನಡಿ

ಪದಕ ಬಂದ ಮರುವರ್ಷವೇ ಕಾಮನ್ ಆ ದೂರದರ್ಶಕವನ್ನು ಮಾರಿಬಿಟ್ಟ. ಆತನ ಮನಸ್ಸು ಐದು ಅಡಿ ವ್ಯಾಸದ, ಇನ್ನೂ ದೊಡ್ಡ ಕನ್ನಡಿಯ ಮೇಲೆ ನೆಟ್ಟಿತ್ತು. ಅದನ್ನು ತಾನೇ ಉಜ್ಜಿ ರೂಪಿಸಿದ. ಮೊದಲ ಕನ್ನಡಿ ತೃಪ್ತಿ ಕೊಡದಿದ್ದಾಗ ಎರಡನೆಯದನ್ನು ಉಜ್ಜಿದ. ಆದರೆ 1883ರ ರಾತ್ರಿಯಂಥ ರಾತ್ರಿ ಅದರಿಂದ ಮತ್ತೆ ಬರಲಿಲ್ಲ. 1903ರ ಜೂನ್ 2ರಂದು ಕಾಮನ್ ಈಲಿಂಗಿನಲ್ಲೇ ತೀರಿಕೊಂಡ; ದೊಡ್ಡ ದೂರದರ್ಶಕ ಹಾರ್ವರ್ಡಿನ ಪಾಲಾಯಿತು.

ಇತ್ತ ಮಾರಿಹೋದ 36 ಅಂಗುಲದ ಯಂತ್ರವನ್ನು ಕೊಂಡವನು ಹ್ಯಾಲಿಫ್ಯಾಕ್ಸಿನ ಸಿರಿವಂತ ಎಡ್ವರ್ಡ್ ಕ್ರಾಸ್ಲಿ. ಅಲ್ಲಿನ ಹವೆ ಈ ಕೆಲಸಕ್ಕೆ ಒಗ್ಗದೆ ಆತ 1895ರಲ್ಲಿ ಅದನ್ನು ಅಮೆರಿಕದ ಕ್ಯಾಲಿಫೋರ್ನಿಯದ ಹ್ಯಾಮಿಲ್ಟನ್ ಶಿಖರದ ಮೇಲಿರುವ ಲಿಕ್ ವೀಕ್ಷಣಾಲಯಕ್ಕೆ ದಾನಮಾಡಿದ. ಹೊಗೆಯಿಲ್ಲದ ಬೆಟ್ಟದ ಗಾಳಿಯಲ್ಲಿ ಆ ಕನ್ನಡಿಗೆ ಎರಡನೆಯ ಜನ್ಮ ಬಂದಿತು. 1898ರಿಂದ ಜೇಮ್ಸ್ ಕೀಲರ್ ಅದರಿಂದ ನೀಹಾರಿಕೆಗಳ ಛಾಯಾಚಿತ್ರ ತೆಗೆದ. ಒಂದೊಂದು ಫಲಕದಲ್ಲೂ ಎಣಿಸಿರದಿದ್ದ ಪುಟ್ಟ ಪುಟ್ಟ ನೀಹಾರಿಕೆಗಳು ಕಂಡುಬಂದವು. ಈ ಯಂತ್ರದ ಹರವಿಗೆ ಸಿಗುವಂಥವು 1,20,000 ಇರಬಹುದೆಂದೂ ಅವುಗಳಲ್ಲಿ ಬಹುಪಾಲು ಸುರುಳಿಯಾಕಾರದವೆಂದೂ ಕೀಲರ್ ಲೆಕ್ಕಹಾಕಿದ. ಆ ಸುರುಳಿಗಳು ಒಂದೊಂದೂ ಒಂದು ಬ್ರಹ್ಮಾಂಡವೆಂದು ಜಗತ್ತಿಗೆ ತಿಳಿಯುವುದಕ್ಕೆ ಇನ್ನೂ ಕಾಲು ಶತಮಾನ ಬೇಕಾಯಿತು. ಗುರುಗ್ರಹದ ಎರಡು ಹೊಸ ಚಂದ್ರರು 1904 ಮತ್ತು 1905ರಲ್ಲಿ ಸಿಕ್ಕಿದ್ದೂ ಇದೇ ಕನ್ನಡಿಯಲ್ಲಿ.

ಈ ಕೀರ್ತಿಯೆಲ್ಲ 'ಕ್ರಾಸ್ಲಿ ದೂರದರ್ಶಕ' ಎಂಬ ಹೆಸರಿಗೆ ಸಂದಿತು. ಯೋಜಿಸಿದವನ ಹೆಸರನ್ನಲ್ಲ, ದಾನಮಾಡಿದವನ ಹೆಸರನ್ನು ಯಂತ್ರ ಹೊತ್ತುಕೊಂಡಿತು. ದೇವಸ್ಥಾನದ ಗೋಪುರದ ಕೆಳಗೆ ಕಟ್ಟಿಸಿದ ದಣಿಯ ಶಿಲಾಶಾಸನವಿದ್ದು ಕಲ್ಲು ಕೆತ್ತಿದ ಶಿಲ್ಪಿಯ ಹೆಸರು ಮರೆಯಾದುದನ್ನು ಕಂಡ ಕನ್ನಡ ನಾಡಿನವರಿಗೆ ಇದು ಹೊಸತೆನಿಸಲಾರದು.

ಇಂದಿನ ಹಿತ್ತಲುಗಳು

ಕಾಮನ್ನನ ಕಾಲದಲ್ಲಿ ಶತ್ರುವಾಗಿದ್ದದ್ದು ಹೊಗೆ. ಇಂದಿನ ಶತ್ರು ಬೀದಿದೀಪ. ಲಂಡನ್ನಿನ ಉಪನಗರಗಳ ಮೇಲೆ ರಾತ್ರಿಯಿಡೀ ಮಂಕುಬೆಳಕಿನ ಚಪ್ಪರ ಹಾಸಿರುತ್ತದೆ. ಆದರೂ ಹಿತ್ತಲಿನಿಂದ ನೀಹಾರಿಕೆಯನ್ನು ಹಿಡಿಯುವ ಹವ್ಯಾಸ ಅಳಿದಿಲ್ಲ, ಲೋಕದ ನಾನಾ ನಗರಗಳಿಗೆ ಹಬ್ಬಿದೆ. ಕಚೇರಿಯಿಂದ ಬಂದು ಊಟ ಮುಗಿಸಿ, ಅಂಗೈಯಗಲದ ಮಸೂರದ ದೂರದರ್ಶಕವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುವ ಹವ್ಯಾಸಿಗಳು ಇಂದು ಪಡೆಯುವ ಚಿತ್ರಗಳು ಸೂಕ್ಷ್ಮತೆಯಲ್ಲಿ ಕಾಮನ್ನನ ಫಲಕವನ್ನು ಬಹುದೂರ ಮೀರಿಸುತ್ತವೆ.

ಇದರ ಗುಟ್ಟು ನೀಹಾರಿಕೆಯ ಸ್ವಭಾವದಲ್ಲೇ ಇದೆ. ಸೂರ್ಯನಂತೆ ಎಲ್ಲ ಬಣ್ಣಗಳಲ್ಲೂ ಬೆಳಗದೆ ಅದು ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಬೆಳಗುತ್ತದೆ. ಜಲಜನಕದ ಕೆಂಪು 656.3 ನ್ಯಾನೊಮೀಟರ್, ಆಮ್ಲಜನಕದ ಹಸುರು 500.7 ನ್ಯಾನೊಮೀಟರ್. ಈ ಹಸುರು ಭೂಮಿಯ ಪ್ರಯೋಗಶಾಲೆಗಳಲ್ಲಿ ಕಾಣದ್ದರಿಂದ ಯಾವುದೋ ಅಜ್ಞಾತ ಧಾತುವಿನದೆಂದು ವಿಜ್ಞಾನಿಗಳು ಬಹುಕಾಲ ಭ್ರಮಿಸಿದ್ದರು. ಅದು ಆಮ್ಲಜನಕವೇ ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿಕೊಟ್ಟ. ಆ ಬಣ್ಣಗಳನ್ನು ಮಾತ್ರ ಒಳಬಿಡುವ ಶೋಧಕ ಗಾಜನ್ನು ಕ್ಯಾಮೆರಾದ ಮುಂದಿಟ್ಟರೆ ಬೀದಿದೀಪದ ಬೆಳಕಿನ ಬಹುಪಾಲು ಬಾಗಿಲಲ್ಲೇ ನಿಲ್ಲುತ್ತದೆ, ನೀಹಾರಿಕೆಯ ಬೆಳಕು ಒಳಗೆ ಬರುತ್ತದೆ. ಕಾಮನ್ನನ ಫಲಕ ನೀಲಿ, ನೇರಿಳೆಗಳನ್ನು ಮಾತ್ರ ಬಲ್ಲದು. ನೀಹಾರಿಕೆಯ ಆ ಕೆಂಪು ಅದಕ್ಕೆ ಪೂರ್ತಿ ಕುರುಡಾಗಿತ್ತು. ಅಂಥ ಫಲಕಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೊಂದು ಪಾಲನ್ನು ಹಿಡಿದರೆ ಹೆಚ್ಚು. ಇಂದಿನ ವಿದ್ಯುನ್ಮಾನ ಸಂವೇದಕಗಳಲ್ಲಿ ಉತ್ತಮವಾದವು ನೂರಕ್ಕೆ 80ಕ್ಕೂ ಮೀರಿ ಹಿಡಿಯುತ್ತವೆ.

ಇನ್ನೊಂದು ಉಪಾಯ ಕೂಡಿಸುವುದು. ಕೆಲವೇ ನಿಮಿಷಗಳ ಚಿತ್ರಗಳನ್ನು ಒಂದಾದಮೇಲೊಂದರಂತೆ ಹಲವು ರಾತ್ರಿಗಳಲ್ಲಿ ತೆಗೆದು, ಗಣಕಯಂತ್ರದಲ್ಲಿ ಒಂದರಮೇಲೊಂದಿಟ್ಟು ಸರಾಸರಿ ತೆಗೆಯುತ್ತಾರೆ. ನೂರು ಚಿತ್ರಗಳನ್ನು ಹೀಗೆ ಬೆರೆಸಿದರೆ ಗೊತ್ತುಗುರಿಯಿಲ್ಲದೆ ಚೆಲ್ಲಿರುವ ಕಾಳುಕಾಳು ಕಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ನಿಜವಾದ ಎಳೆಗಳು ನಿಲ್ಲುತ್ತವೆ. ತಿರುಳಿಗೆ ಕೆಲವು ಸೆಕೆಂಡುಗಳ ಚಿತ್ರ, ಅಂಚಿಗೆ ನಿಮಿಷಗಳ ಚಿತ್ರ ಎಂದು ಬೇರೆಬೇರೆಯಾಗಿ ತೆಗೆದು ಜೋಡಿಸುವ ಪದ್ಧತಿ ಈಲಿಂಗಿನ ಆ ಚಳಿಗಾಲದ ತೊಡಕಿಗೆ ಸಿಕ್ಕ ಪರಿಹಾರ. ಪಾದರಸದ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿದೆ. ಗಂಟೆಗೆ 15 ಡಿಗ್ರಿಯ ಆ ಓಟ, ಮೋಡ ಸರಿಯಲೆಂದು ಮುಗಿಲು ನೋಡುತ್ತ ನಿಲ್ಲುವ ಕಾಯುವಿಕೆ ಇವೆರಡು ಮಾತ್ರ ಇದ್ದಂತೆಯೇ ಇವೆ.

2022ರಿಂದ ಎಲಿಜಬೆತ್ ಮಾರ್ಗದ ಹೊಸ ರೈಲುಗಳೂ ಈಲಿಂಗಿನಲ್ಲಿ ನಿಲ್ಲುತ್ತವೆ. ಈ ಕಡೆಗೆ ಹೋಗುವ ಕನ್ನಡಿಗರು ಹೇವನ್ ಗ್ರೀನನ್ನು ದಾಟಿ ಈಟನ್ ರೈಸಿನಲ್ಲಿ ನಾಲ್ಕು ಹೆಜ್ಜೆ ಹಾಕಿಬರಬಹುದು. ಹೋಗಲಾಗದವರು ಜನವರಿಯ ಕೊನೆಯ ವಾರ, ರಾತ್ರಿ ಒಂಬತ್ತೂವರೆಗೆ, ಬೆಂಗಳೂರಿನ ಮನೆಯ ಮಹಡಿಯನ್ನೇರಿ ದಕ್ಷಿಣಕ್ಕೆ ಮುಖಮಾಡಿ ನಿಂತರೂ ಸಾಕು. ಈಲಿಂಗಿನಲ್ಲಿ 33 ಡಿಗ್ರಿ ಏರುವ ನೀಹಾರಿಕೆ ಇಲ್ಲಿ 71 ಡಿಗ್ರಿಗಳಿಗೂ ಮೇಲೇರಿ ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ. ನಡುಕಟ್ಟಿನ ಮೂರು ನಕ್ಷತ್ರಗಳ ಕೆಳಗೆ, ಖಡ್ಗದ ನಡುವೆ, ಸಾಮಾನ್ಯ ಬೈನಾಕ್ಯುಲರಿಗೂ ಆ ಮಸುಕು ಮೇಘ ಕಾಣುತ್ತದೆ. ಮನೆಯ ಮಕ್ಕಳನ್ನೂ ಮಹಡಿಗೆ ಕರೆದು ತೋರಿಸಬಹುದು.